ಸಾರಥಿ ಕೇಳುತ್ತಿದ್ದ ಪ್ರಶ್ನೆ

ನಾನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನವನು. ಹದಿನೇಳು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಕಾರ್ಖಾನೆಗಳ ಕಾರ್ಮಿಕರಿಗೆ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ವಾರವೇ ನಮಗೆ ಹೇಳಿಕೊಟ್ಟ ಪಾಠ ಒಂದೇ: ಮಾತನ್ನು ಪ್ರಶ್ನೆಯಿಂದ ಶುರು ಮಾಡಿ. ‘ನಿಮ್ಮಲ್ಲಿ ಎಷ್ಟು ಜನ...’ ಎಂದು ಕೇಳಿ ಕೈ ಎತ್ತಿಸಿದರೆ ತೂಕಡಿಸುವವನೂ ಎಚ್ಚರಾಗುತ್ತಾನೆ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ.

ಒಮ್ಮೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ‘ಅಪಘಾತವನ್ನು ಕಣ್ಣಾರೆ ಕಂಡವರು ಎಷ್ಟು ಜನ?’ ಎಂದು ಕೇಳಿದೆ. ಐದಾರು ಕೈಗಳು ಎದ್ದವು. ಹಿಂದಿನ ಸಾಲಿನಲ್ಲಿ ಎದ್ದ ಒಂದು ಕೈಗೆ ಎರಡು ಬೆರಳುಗಳಿರಲಿಲ್ಲ. ನಾನು ಅದನ್ನು ಗಮನಿಸುವಷ್ಟರಲ್ಲಿ ‘ಧನ್ಯವಾದ’ ಹೇಳಿ ಪರದೆಯ ಮೇಲೆ ಮುಂದಿನ ಚಿತ್ರ ಹಾಕಿಯಾಗಿತ್ತು. ಆ ಕೈ ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಆಮೇಲೆ ಮೆಲ್ಲನೆ ಇಳಿಯಿತು. ಉತ್ತರ ಬೇಕಿಲ್ಲದೆ ಪ್ರಶ್ನೆ ಕೇಳುವುದು ಎಷ್ಟು ದೊಡ್ಡ ಅವಮಾನ ಎಂಬುದು ನನಗೆ ಅಂದು ತಿಳಿಯಿತು.

ನಮ್ಮೂರಿನ ಬಯಲಾಟ ನೆನಪಾಯಿತು. ಸುಗ್ಗಿ ಮುಗಿದ ಮೇಲೆ ಗುಡಿಯ ಮುಂದೆ ಅಟ್ಟ ಕಟ್ಟುತ್ತಿದ್ದರು. ರಾತ್ರಿ ಹತ್ತರ ಮೇಲೆ ಮದ್ದಳೆ ಕೇಳಿಸಿತೆಂದರೆ ಕಂಬಳಿ ಹೊದ್ದು ಹೋಗಿ ಕೂರುತ್ತಿದ್ದೆವು. ದುರ್ಯೋಧನ ಭುಜಕೀರ್ತಿ ಕುಣಿಸುತ್ತಾ ಬಂದು, ಅಟ್ಟ ನಡುಗುವಂತೆ ಹೆಜ್ಜೆ ಹಾಕಿ ನಿಲ್ಲುತ್ತಿದ್ದ. ಆಗ ಸಾರಥಿ, ಅಂದರೆ ಅಟ್ಟಕ್ಕೆ ಬಂದ ಪಾತ್ರಗಳನ್ನು ಮಾತನಾಡಿಸುವ ಆಟದ ನಿರೂಪಕ, ಕೇಳುತ್ತಿದ್ದ: ‘ತಾವು ಯಾರು? ತಮ್ಮ ನಾಮಾಂಕಿತವೇನು? ಈ ಸ್ಥಳಕ್ಕೆ ಬಂದ ಕಾರಣವೇನು?’ ಬಂದವನು ದುರ್ಯೋಧನ ಎಂಬುದು ಸಾರಥಿಗೆ ಗೊತ್ತು, ನನ್ನ ಪಕ್ಕದಲ್ಲಿ ಕೂತ ಅಜ್ಜಿಗೂ ಗೊತ್ತು. ಆದರೂ ಆ ಗಳಿಗೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಏಕೆಂದರೆ ಸಾರಥಿ ಕೇಳುತ್ತಿದ್ದುದು ನಮ್ಮ ಪರವಾಗಿ. ಪ್ರಶ್ನೆಗೆ ಉತ್ತರಿಸಬೇಕಾದವನು ಕಿರೀಟ ತೊಟ್ಟವನು, ಕಂಬಳಿ ಹೊದ್ದವನಲ್ಲ.

ಪುಣೆಯ ಸಭಾಂಗಣಕ್ಕೂ ನಮ್ಮ ಅಟ್ಟಕ್ಕೂ ನಾನು ಕಾಣುವ ವ್ಯತ್ಯಾಸ ಇದು. ಇಲ್ಲಿ ಭಾಷಣಕಾರ ಪ್ರಶ್ನೆಯನ್ನು ಜನರ ಮೇಲೆ ಎಸೆಯುತ್ತಾನೆ. ಅಲ್ಲಿ ಜನರ ಕಡೆಯವನೊಬ್ಬ ನಿಂತು ಬಂದವನನ್ನೇ ಕೇಳುತ್ತಾನೆ. ನಮ್ಮ ಕಡೆಯ ಬುರ್ರಕಥೆಯಲ್ಲೂ ಕಥೆ ಹೇಳುವವರ ಪಕ್ಕದಲ್ಲಿ ಸೊಲ್ಲು ಹಿಡಿಯುವವರಿರುತ್ತಾರೆ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಇನ್ನೊಂದು ಅಂತರ ಕಾಯುವುದರಲ್ಲಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುವುದು ಕಂಡುಬಂತು. 3 ಸೆಕೆಂಡು ತಡೆದರೆ ಉತ್ತರಗಳು ದೀರ್ಘವಾದವು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಸಾರಥಿಯ ಪ್ರಶ್ನೆಗೂ ಉತ್ತರಕ್ಕೂ ನಡುವೆ ನಮ್ಮ ಮದ್ದಳೆಯವರು ಒಂದು ಸುತ್ತು ಪೂರ್ತಿ ನುಡಿಸುತ್ತಿದ್ದರು. ನನಗೆ ಆ ಕ್ಯಾಂಟೀನಿನಲ್ಲಿ ಬೇಕಿದ್ದುದು ಅಷ್ಟೇ ಹೊತ್ತು.

ಕಳೆದ ವರ್ಷ ಬಳ್ಳಾರಿಗೆ ಹೋದಾಗ ಒಂದು ಕಾಲೇಜಿನ ಸಮಾರಂಭದಲ್ಲಿ ಕೂತಿದ್ದೆ. ನಿರೂಪಕರು ‘ಹೇಗಿದ್ದೀರಿ? ಕೇಳಿಸಲಿಲ್ಲ, ಇನ್ನೂ ಜೋರಾಗಿ!’ ಎಂದು ಮೂರು ಸಲ ಕೂಗಿಸಿದರು. ಬಂದ ಅತಿಥಿ ‘ನಿಮಗೆ ಗೆಲುವು ಬೇಕೋ, ಸೋಲು ಬೇಕೋ?’ ಎಂದು ಕೇಳಿದರು. ಮಕ್ಕಳು ‘ಗೆಲುವು’ ಎಂದು ಕಿರುಚಿ ಮತ್ತೆ ಮೊಬೈಲ್ ನೋಡತೊಡಗಿದರು. ನನಗೆ ನಿಜವಾಗಿಯೂ ಸಂಕಟವಾಯಿತು. ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮನವರು ಇಡೀ ರಾತ್ರಿ ಜನರನ್ನು ಕೂರಿಸಿಕೊಂಡು ಹಾಡಿದ ಜಿಲ್ಲೆ ಇದು. ನಗರದಿಂದ ಎರವಲು ತರಲು ನಮಗೆ ಇದೇ ಬೇಕಿತ್ತೇ?

ಈಗ ನನ್ನ ತರಬೇತಿಯಲ್ಲಿ ಮೊದಲ ಪ್ರಶ್ನೆ ನನ್ನದಲ್ಲ. ಸಭೆಯಲ್ಲಿರುವ ಹಿರಿಯ ಕಾರ್ಮಿಕರೊಬ್ಬರ ಕೈಗೆ ಮೈಕ್ ಕೊಟ್ಟು, ನನ್ನನ್ನು ಏನು ಬೇಕಾದರೂ ಕೇಳಿ ಎನ್ನುತ್ತೇನೆ. ಹೋದ ತಿಂಗಳು ಒಬ್ಬರು ಮೈಕನ್ನು ಎರಡೂ ಕೈಗಳಲ್ಲಿ ಹಿಡಿದು ಮರಾಠಿಯಲ್ಲಿ ಕೇಳಿದರು: ‘ಸಾಹೇಬರೇ, ನೀವು ಪ್ರೆಸ್ ಯಂತ್ರದ ಮೇಲೆ ಎಂದಾದರೂ ಕೆಲಸ ಮಾಡಿದ್ದೀರಾ?’

ಇಲ್ಲ ಎಂದೆ. ಯಾರೂ ನಗಲಿಲ್ಲ. ಅವರು ಮೈಕ್ ಕೆಳಗಿಟ್ಟು, ‘ಹಾಗಾದರೆ ಮೊದಲು ಯಂತ್ರದ ಹತ್ತಿರ ಬನ್ನಿ’ ಎಂದರು. ಅಂದಿನ ತರಬೇತಿ ಅಲ್ಲಿಯೇ ನಡೆಯಿತು, ಮೂವತ್ತು ಜನ ಸುತ್ತ ನಿಂತು.