ಹೇಳುವವರು ಕೇಳುವವರು ಇಲ್ಲದ ಕಡೆ

ನಿರ್ಜನ ದ್ವೀಪದಲ್ಲೋ ದಟ್ಟ ಕಾಡಿನಲ್ಲೋ ಸಿಕ್ಕಿಬಿದ್ದವರ ಕಾದಂಬರಿಗಳನ್ನು ಓದಿ ಮುಗಿಸಿದವರು ಬಹುಮಟ್ಟಿಗೆ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಸಮಾಜದ ಹಂಗು ಕಳಚಿತೆಂದರೆ ಮನುಷ್ಯನೊಳಗಿನ ಮೃಗ ಹೊರಬೀಳುತ್ತದೆ, ನಾಗರಿಕತೆ ಬರೀ ಮೇಲಿನ ಲೇಪ ಎನ್ನುವುದು ಆ ತೀರ್ಮಾನ. ಈ ಕಾದಂಬರಿಗಳ ಬಗ್ಗೆ ಮಾತು ಬಂದಾಗಲೆಲ್ಲ ನಾನು ಕೇಳಿರುವುದು ಇದನ್ನೇ. ಅವುಗಳನ್ನು ಮತ್ತೆ ಓದಿದಂತೆಲ್ಲ ನನಗೆ ಬೇರೊಂದು ವಿಷಯ ಎದ್ದು ಕಾಣುತ್ತದೆ: ಕ್ರೌರ್ಯ ಏಕಾಂತದಲ್ಲಿ ಹುಟ್ಟುವುದಿಲ್ಲ. ಕೈಯಲ್ಲಿ ಅಧಿಕಾರವಿದ್ದು, ಅದಕ್ಕೆ ಲೆಕ್ಕ ಕೇಳುವವರು ಯಾರೂ ಇಲ್ಲದಾಗ ಅದು ಹುಟ್ಟುತ್ತದೆ. ಈ ಎರಡನ್ನೂ ನಾವು ಒಂದೇ ಎಂದುಕೊಂಡಿರುವುದರಿಂದ ಕಾದಂಬರಿಕಾರರು ಕಂಡದ್ದರಲ್ಲಿ ಅರ್ಧ ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದ ಫ್ಲೈಸ್’ ಕಾದಂಬರಿಯನ್ನೇ ನೋಡೋಣ. ಅಣುಯುದ್ಧದ ಕಾಲದಲ್ಲಿ ವಿಮಾನ ಉರುಳಿ, ದೊಡ್ಡವರೊಬ್ಬರೂ ಇಲ್ಲದೆ ಇಂಗ್ಲಿಷ್ ಹುಡುಗರ ಗುಂಪೊಂದು ದ್ವೀಪದಲ್ಲಿ ಉಳಿದುಬಿಡುತ್ತದೆ. ಅವರಲ್ಲಿ ಸೈಮನ್ ಎಂಬ ಹುಡುಗನ ಸಾವು, ಪಿಗ್ಗಿ ಎಂಬ ಹುಡುಗನ ಸಾವು, ಕೋಲಿಗೆ ಸಿಕ್ಕಿಸಿದ ಹಂದಿಯ ತಲೆ, ಇವು ಎಲ್ಲರಿಗೂ ನೆನಪಿರುತ್ತವೆ. ನನಗೆ ಮುಖ್ಯವೆನಿಸುವುದು ಅದಕ್ಕಿಂತ ಬಹಳ ಮೊದಲು ಬರುವ, ಒಂದು ತೊಟ್ಟು ರಕ್ತವೂ ಬೀಳದ ಒಂದು ಪ್ರಸಂಗ. ಹೆನ್ರಿ ಎಂಬ ಪುಟ್ಟ ಹುಡುಗ ನೀರಿನಂಚಿನಲ್ಲಿ ಕುಳಿತು ಆಡುತ್ತಿದ್ದಾನೆ. ಮರದ ಮರೆಯಲ್ಲಿ ನಿಂತ ರೋಜರ್ ಎಂಬ ದೊಡ್ಡ ಹುಡುಗ ಅವನತ್ತ ಕಲ್ಲೆಸೆಯುತ್ತಾನೆ, ಆದರೆ ತಾಗದಂತೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಗಲದ ಒಂದು ವೃತ್ತವಿದೆ, ಅದರೊಳಕ್ಕೆ ಕಲ್ಲು ಹಾಕುವ ಧೈರ್ಯ ರೋಜರ್‌ಗಿಲ್ಲ. ಅಪ್ಪ ಅಮ್ಮ, ಶಾಲೆ, ಪೊಲೀಸರು, ಕಾನೂನು, ಇವೆಲ್ಲ ಸೇರಿ ಆ ಮಗುವಿನ ಸುತ್ತ ಕಾಣದ ಬೇಲಿ ಹಾಕಿವೆ ಎನ್ನುತ್ತಾನೆ ಗೋಲ್ಡಿಂಗ್. ಅಷ್ಟಕ್ಕೇ ನಿಲ್ಲದೆ, ರೋಜರ್‌ನ ತೋಳನ್ನು ಹಿಡಿದು ನಿಲ್ಲಿಸಿದ ಆ ನಾಗರಿಕತೆಗೆ ರೋಜರ್ ಯಾರೆಂದೇ ಗೊತ್ತಿರಲಿಲ್ಲ, ಮೇಲಾಗಿ ಅದು ಆಗಲೇ ನಾಶವಾಗಿತ್ತು ಎಂದೂ ಹೇಳುತ್ತಾನೆ. ಪಿಗ್ಗಿಯ ಮೇಲೆ ಬಂಡೆ ಉರುಳಿಸುವುದು ಇದೇ ತೋಳು. ಅಷ್ಟು ಹೊತ್ತಿಗೆ ಈ ದ್ವೀಪದಲ್ಲಿ ತನ್ನನ್ನು ಕೇಳುವವರು ಯಾರೂ ಇಲ್ಲ ಎಂಬುದು ಅವನಿಗೆ ಮನದಟ್ಟಾಗಿದೆ. ಅಷ್ಟೇ ಮುಖ್ಯವಾಗಿ, ಮಾಡು ಎನ್ನಲು ಜ್ಯಾಕ್ ಎಂಬ ನಾಯಕನೊಬ್ಬ ಸಿಕ್ಕಿದ್ದಾನೆ.

ಆ ಜ್ಯಾಕ್ ಕಾಡಿನಿಂದ ಎದ್ದು ಬಂದವನಲ್ಲ. ಕಪ್ಪು ನಿಲುವಂಗಿ ತೊಟ್ಟ ಚರ್ಚಿನ ಗಾಯಕ ಹುಡುಗರನ್ನು ಎರಡು ಸಾಲಿನಲ್ಲಿ ನಡೆಸಿಕೊಂಡೇ ಅವನು ಕಾದಂಬರಿಯೊಳಗೆ ಕಾಲಿಡುತ್ತಾನೆ, ಮತ್ತು ತಾನು ಗಾಯಕವೃಂದದ ಮುಖಂಡನಾದ್ದರಿಂದ ತಾನೇ ಎಲ್ಲರ ನಾಯಕನಾಗಬೇಕು ಎನ್ನುತ್ತಾನೆ. ಮುಂದೆ ಬೇಟೆಗಾರರಾಗುವುದು ಇದೇ ಸಾಲು. ಅಪ್ಪಣೆ ಕೊಡುವ ಅಭ್ಯಾಸ, ಕೊಟ್ಟ ಅಪ್ಪಣೆಗೆ ತಲೆಬಾಗುವ ಅಭ್ಯಾಸ, ಮಾತಿನ ಧಾಟಿಯಿಂದಲೇ ಪಿಗ್ಗಿಯನ್ನು ಕೀಳಾಗಿ ಕಾಣುವ ವರ್ಗದ ಸೊಕ್ಕು, ಇವೆಲ್ಲವೂ ಇಂಗ್ಲೆಂಡಿನ ಶಾಲೆಗಳಿಂದಲೇ ವಿಮಾನ ಹತ್ತಿ ಬಂದವು. ಗೋಲ್ಡಿಂಗ್ ಸ್ವತಃ ಸಾಲ್ಸ್‌ಬರಿಯ ಹುಡುಗರ ಶಾಲೆಯಲ್ಲಿ ಮೇಷ್ಟರಾಗಿದ್ದವನು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದು ನಾರ್ಮಂಡಿಯ ದಾಳಿಯಲ್ಲಿ ಪಾಲ್ಗೊಂಡವನು. ಶಿಸ್ತಿನ ಸಾಲು ಯಾವ ಕೆಲಸಕ್ಕೆಲ್ಲ ಒದಗಬಲ್ಲದು ಎಂಬುದು ಅವನಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಹುಡುಗರು ಸಮಾಜವನ್ನು ಮರೆತು ಕ್ರೂರರಾದರು ಎಂದು ಓದುವುದಕ್ಕಿಂತ, ಸಮಾಜದ ಒಂದು ಭಾಗವನ್ನು ಮಾತ್ರ ಉಳಿಸಿಕೊಂಡು ಅದಕ್ಕೆ ಕಡಿವಾಣ ಹಾಕುವ ಇನ್ನೊಂದು ಭಾಗವನ್ನು ಬಿಟ್ಟುಕೊಟ್ಟರು ಎಂದು ಓದುವುದು ಕೃತಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ 1899ರಲ್ಲಿ ಪತ್ರಿಕೆಯಲ್ಲಿ ಬಂದು 1902ರಲ್ಲಿ ಪುಸ್ತಕವಾಯಿತು. ಅದರಲ್ಲಿ ಆಫ್ರಿಕಾದ ಕಾಡಿನ ನಡುವೆ ನೆಲೆಸಿದ ಕುರ್ಟ್ಸ್ ಎಂಬ ಆನೆದಂತದ ವ್ಯಾಪಾರಿಯನ್ನು ‘ಏಕಾಂತದಲ್ಲಿ ಹುಚ್ಚನಾದವನು’ ಎಂದೇ ವಿವರಿಸುವ ರೂಢಿಯಿದೆ. ಕಥೆ ಹೇಳುವ ಮಾರ್ಲೋ ಕೂಡ, ಗಟ್ಟಿ ರಸ್ತೆಯ ಮೇಲೆ, ಅಕ್ಕಪಕ್ಕದವರ ಮತ್ತು ಪೊಲೀಸರ ನಡುವೆ ಬದುಕುವ ನಿಮಗೆ ಇದು ಅರ್ಥವಾಗುವುದಾದರೂ ಹೇಗೆ ಎಂದು ತನ್ನ ಕೇಳುಗರನ್ನು ಕೇಳುತ್ತಾನೆ. ಆದರೆ ಕುರ್ಟ್ಸ್ ಯಾವ ಅರ್ಥದಲ್ಲಿ ಒಂಟಿ? ಅವನ ಸುತ್ತ ಊರುಗಳಿದ್ದವು, ಜನರಿದ್ದರು, ಅವರ ಮುಖಂಡರು ದಿನವೂ ಬಂದು ಅವನ ಮುಂದೆ ತೆವಳುತ್ತಿದ್ದರು. ಅವನು ಸಮಾಜದ ನಡುವೆಯೇ ಇದ್ದ, ಆದರೆ ಆ ಸಮಾಜದವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾರ್ಲೋ ದೂರದಿಂದ ದುರ್ಬೀನಿನಲ್ಲಿ ನೋಡುವಾಗ ಅವನ ಮನೆಯ ಮುಂದಿನ ಕಂಬಗಳ ತುದಿಯಲ್ಲಿ ಅಲಂಕಾರದ ಗುಂಡುಗಳಿದ್ದಂತೆ ಕಾಣುತ್ತದೆ, ದಿಟ್ಟಿಸಿದಾಗ ಅವು ಒಣಗಿದ ತಲೆಗಳು. ಒಂದನ್ನು ಬಿಟ್ಟು ಉಳಿದೆಲ್ಲದರ ಮುಖ ಮನೆಯ ಕಡೆಗೇ ತಿರುಗಿದೆ. ಅವರೆಲ್ಲ ದಂಗೆಕೋರರು ಎಂಬ ಸಮಜಾಯಿಷಿಯೂ ಸಿಗುತ್ತದೆ. ಹಿಂದೆ ಶತ್ರುಗಳು, ಅಪರಾಧಿಗಳು, ಕೂಲಿಗಳು ಎಂಬ ಹೆಸರುಗಳನ್ನು ಕೇಳಿದ್ದಾಗಿತ್ತು, ಈಗ ಇದೊಂದು ಎಂದುಕೊಳ್ಳುತ್ತಾನೆ ಮಾರ್ಲೋ. ಇಡೀ ಕೃತಿಯಲ್ಲಿ ನನ್ನನ್ನು ಹೆಚ್ಚು ಕಲಕುವ ಜಾಗ ಇದು.

ಈ ಕಥೆಯ ಹಿಂದೆ ನಿಜವಾದ ಕಾಂಗೋ ಇತ್ತು. 1885ರಿಂದ 1908ರವರೆಗೆ ಅದು ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡನ ಖಾಸಗಿ ಸ್ವತ್ತಿನಂತೆ ನಡೆಯಿತು. ರಬ್ಬರಿನ ಲೆಕ್ಕ ತುಂಬದ ಊರುಗಳ ಮೇಲೆ ಸೈನಿಕರು ಬಿದ್ದರು, ಖರ್ಚಾದ ಗುಂಡಿಗೆ ಸಾಕ್ಷಿಯಾಗಿ ಕತ್ತರಿಸಿದ ಕೈಗಳನ್ನು ತಂದು ಒಪ್ಪಿಸಿದರು. ಕಾನ್ರಾಡ್ 1890ರಲ್ಲಿ ಹಡಗಿನ ಕೆಲಸದ ಮೇಲೆ ಅಲ್ಲಿಗೆ ಹೋಗಿ ಬಂದಿದ್ದ. ಅಲ್ಲಿ ನಡೆದದ್ದು ಕಚೇರಿ, ಕಡತ, ಅಧಿಕಾರಿಗಳ ಸಮೇತ ನಡೆದ ವ್ಯವಹಾರ. ಅದರ ಹೊಣೆಯನ್ನು ಕಾಡಿನ ಕತ್ತಲೆಯ ತಲೆಗೆ ಕಟ್ಟುವುದು ಅನ್ಯಾಯ. ಕಾನ್ರಾಡ್ ಕೂಡ ಆಫ್ರಿಕಾವನ್ನು ಯುರೋಪಿನವನೊಬ್ಬನ ಮನಸ್ಸು ಕುಸಿಯುವುದಕ್ಕೆ ರಂಗಸಜ್ಜಿಕೆಯನ್ನಾಗಿ ಬಳಸಿಕೊಂಡ ಎಂದು ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ 1975ರ ಉಪನ್ಯಾಸದಲ್ಲಿ ಆರೋಪಿಸಿದ. ಕೃತಿಯನ್ನು ನಾನು ಅಚೆಬೆಗಿಂತ ಹೆಚ್ಚು ಮೆಚ್ಚುತ್ತೇನೆ, ಆದರೆ ಈ ಆರೋಪಕ್ಕೆ ತೃಪ್ತಿಕರ ಉತ್ತರವನ್ನು ಯಾರೂ ಕೊಟ್ಟಂತೆ ನನಗೆ ಕಂಡಿಲ್ಲ.

ಒಂಟಿತನವೇ ಮನುಷ್ಯನನ್ನು ಕೆಡಿಸುವುದಾದರೆ ಎಲ್ಲರಿಗಿಂತ ಮೊದಲು ಕೆಡಬೇಕಾಗಿದ್ದವನು 1719ರಲ್ಲಿ ಡೇನಿಯಲ್ ಡೆಫೊ ಸೃಷ್ಟಿಸಿದ ರಾಬಿನ್ಸನ್ ಕ್ರೂಸೋ. ದ್ವೀಪದಲ್ಲಿ 28 ವರ್ಷ ಕಳೆಯುವ ಅವನು ಬೇಸಾಯ ಮಾಡುತ್ತಾನೆ, ಆಡು ಸಾಕುತ್ತಾನೆ, ಬೈಬಲ್ ಓದುತ್ತಾನೆ. ಕೊಲೆಯ ಯೋಚನೆ ಅವನ ತಲೆಗೆ ಹತ್ತುವುದು ಮರಳಿನಲ್ಲಿ ಇನ್ನೊಬ್ಬ ಮನುಷ್ಯನ ಹೆಜ್ಜೆ ಕಂಡ ಮೇಲೆ. ಕೊನೆಗೆ ಜೊತೆಗಾರ ಸಿಕ್ಕಾಗ, ಅವನ ಹೆಸರು ಕೇಳುವ ಗೋಜಿಗೇ ಹೋಗದೆ ತಾನೇ ಒಂದು ಹೆಸರಿಟ್ಟು, ತನ್ನನ್ನು ಒಡೆಯ ಎಂದು ಕರೆಯಲು ಕಲಿಸುತ್ತಾನೆ. ಹಡಗು ಒಡೆದಾಗ ಅವನು ಹೊರಟಿದ್ದದ್ದೇ ಗುಲಾಮರನ್ನು ತರಲು ಎಂಬುದನ್ನು ಮಕ್ಕಳಿಗಾಗಿ ಮಾಡಿದ ಸಂಗ್ರಹಗಳು ಬಿಟ್ಟುಬಿಡುತ್ತವೆ.

ಕನ್ನಡದ ಓದುಗರಿಗೆ ಇಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ ನೆನಪಾಗಲೇಬೇಕು. ಕುಮಾರಪರ್ವತದ ಮಗ್ಗುಲಿನ ಕಾಡಿನಲ್ಲಿ, ಆನೆ ಹುಲಿಗಳ ಕಾಟದ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯನವರು ಸಮಾಜದಿಂದ ಇಷ್ಟು ದೂರವಿದ್ದೂ ಒರಟಾಗಿಲ್ಲ. ದಾರಿ ತಪ್ಪಿ ಬಂದ ಅಪರಿಚಿತನಿಗೆ ಅವರು ಮತ್ತು ಶಂಕರಮ್ಮ ಬಿಸಿನೀರು ಕಾಯಿಸಿ, ಊಟಕ್ಕಿಟ್ಟು, ಹೊರಡುತ್ತೇನೆಂದರೆ ಬಿಡದೆ ನಿಲ್ಲಿಸಿಕೊಳ್ಳುತ್ತಾರೆ. ಮನೆ ಬಿಟ್ಟುಹೋದ ಮಗ ಶಂಭುವಿನ ಕೊರಗು ಅವರನ್ನು ಇನ್ನಷ್ಟು ಮೃದುವಾಗಿಸಿದೆ. ಆ ಬೆಟ್ಟದಲ್ಲಿ ಅವರಿಗೆ ಆಳಬೇಕಾದ ಜನರಿಲ್ಲ, ಕಾಯಬೇಕಾದ ಜನರಿದ್ದಾರೆ. ಕುರ್ಟ್ಸ್‌ನ ಕಾಡಿಗೂ ಗೋಪಾಲಯ್ಯನವರ ಕಾಡಿಗೂ ಇರುವ ವ್ಯತ್ಯಾಸ ಇದೇ ಎಂದು ನಾನು ನಂಬುತ್ತೇನೆ.

1965ರಲ್ಲಿ ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಆರು ಶಾಲಾ ಹುಡುಗರು ದೋಣಿಯೊಂದನ್ನು ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ, ‘ಅಟಾ’ ಎಂಬ ನಿರ್ಜನ ದ್ವೀಪ ಸೇರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಬದುಕಿದ ಸಂಗತಿಯನ್ನು ಈಚೆಗೆ ಗೋಲ್ಡಿಂಗ್‌ನ ವಿರುದ್ಧ ಸಾಕ್ಷಿಯಾಗಿ ತೋರಿಸಲಾಗುತ್ತಿದೆ. ಅವರು ಸರದಿಯ ಮೇಲೆ ಕೆಲಸ ಹಂಚಿಕೊಂಡರು, ಬೆಂಕಿ ಆರದಂತೆ ಕಾಯ್ದರು, ಜಗಳವಾಡಿದವರು ಸಿಟ್ಟು ಇಳಿಯುವವರೆಗೆ ದೂರ ಹೋಗಿ ಕುಳಿತು ಬಂದರು, ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟು ಹಾಕಿ ಅವನನ್ನು ನೋಡಿಕೊಂಡರು. ಇದರಿಂದ ಗೋಲ್ಡಿಂಗ್ ಸುಳ್ಳಾದ ಎಂದು ನನಗೆ ಅನ್ನಿಸುವುದಿಲ್ಲ. ಇವರು ಮೊದಲೇ ಗೆಳೆಯರಾಗಿದ್ದವರು, ಇವರಲ್ಲಿ ಗಾಯಕವೃಂದದ ಸಾಲೂ ಇರಲಿಲ್ಲ, ಯುದ್ಧದ ನೆನಪೂ ಇರಲಿಲ್ಲ, ಒಬ್ಬ ತಪ್ಪಿದರೆ ಐವರು ಕೇಳುತ್ತಿದ್ದರು. ಈ ವಾದದಲ್ಲಿ ತೊಡಗಿದವರು ಮರೆಯುವ ಸಂಗತಿ ಬೇರೆಯೇ ಇದೆ. ಅಟಾ ಮೊದಲಿನಿಂದಲೂ ನಿರ್ಜನವಾಗಿರಲಿಲ್ಲ. 1863ರಲ್ಲಿ ಗುಲಾಮರನ್ನು ಹಿಡಿಯುವವರ ಹಡಗೊಂದು ಬಂದು ಅಲ್ಲಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಮೋಸದಿಂದ ಹೊತ್ತೊಯ್ದಿತು, ಉಳಿದವರನ್ನು ಟೊಂಗಾದ ರಾಜ ಬೇರೆ ದ್ವೀಪಕ್ಕೆ ಸಾಗಿಸಿದ. ಆ ಹುಡುಗರಿಗೆ ಆಹಾರವಾಗಿ ಒದಗಿದ ಬಾಳೆ ಮತ್ತು ಕೋಳಿಗಳು ಹಾಗೆ ಊರು ಬಿಟ್ಟುಹೋದವರು ಹಿಂದೆ ಉಳಿಸಿದ್ದವುಗಳ ಸಂತತಿ.