ಹಾಲು ಕರೆದರೆ ಲೆಕ್ಕ, ಕಾಯಿಸಿದರೆ ಇಲ್ಲ

ನಮ್ಮ ಬಿ.ಎಡ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಮತ್ತೆ ಜಗಳ. ಒಬ್ಬರು ‘ಜಪಾನನ್ನು ಹಿಂದೆ ಹಾಕಿದ ಭಾರತ, ಜಗತ್ತಿನಲ್ಲೇ ನಾಲ್ಕನೇ ಸ್ಥಾನ’ ಅನ್ನೋ ಪೋಸ್ಟರ್ ಹಾಕಿದರು, ಜೊತೆಗೆ ಸಾಲಾಗಿ ಬಾವುಟ. ಹತ್ತು ನಿಮಿಷ ಕಳೆದಿರಲಿಲ್ಲ, ಇನ್ನೊಬ್ಬರು ‘ಮಾನವ ಅಭಿವೃದ್ಧಿಯಲ್ಲಿ 193 ದೇಶಗಳ ಪೈಕಿ ನಾವು 130ನೆಯವರು’ ಅಂತ ಹಾಕಿದರು. ಆಮೇಲೆ ಏನಾಯ್ತು ಅಂತ ಹೇಳಬೇಕಾಗಿಲ್ಲ. ಕೊನೆಗೆ ಅಡ್ಮಿನ್ ಮೇಡಂ ‘ದಯವಿಟ್ಟು ಎಲ್ಲರೂ ಶುಭೋದಯ ಮಾತ್ರ ಹಾಕಿ’ ಅಂದರು.

ನಾನು ಅಲ್ಲಿ ಬಾಯಿ ಬಿಡಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು, ಅಂಕಿ ಕಂಡರೆ ಕೈ ಸುಮ್ನಿರಲ್ಲ. ಆದರೆ ಅಲ್ಲಿ ಬರೆದರೆ ಎರಡೂ ಕಡೆಯವರು ಸೇರಿ ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಮೊದಲನೇ ಪೋಸ್ಟರ್ ತೆಗೆದುಕೊಳ್ಳಿ. ಅದು ಇಡೀ ದೇಶದ ಜಿಡಿಪಿ, ಅಂದರೆ ಒಂದು ವರ್ಷದಲ್ಲಿ ಇಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆ. ನಾವೂ ಜಪಾನೂ ಎಷ್ಟು ಹತ್ತಿರ ಇದ್ದೇವೆ ಅಂದರೆ ರೂಪಾಯಿಯೋ ಯೆನ್ನೋ ಸ್ವಲ್ಪ ಅಲುಗಿದರೂ ಸ್ಥಾನ ಅದಲುಬದಲಾಗುತ್ತದೆ. ಅದು ಹಾಗಿರಲಿ. ಆ ಪೋಸ್ಟರಿನಲ್ಲಿ ಭಾಗಾಕಾರವೇ ಇಲ್ಲ! ಜಪಾನಿನಲ್ಲಿ 12 ಕೋಟಿ ಚಿಲ್ಲರೆ ಜನ, ನಾವು 140 ಕೋಟಿ ದಾಟಿದ್ದೇವೆ. ಒಂದೇ ಅಳತೆಯ ಎರಡು ಹಂಡೆ ಅನ್ನ, ಒಂದರ ಮುಂದೆ ಹನ್ನೆರಡು ಎಲೆ, ಇನ್ನೊಂದರ ಮುಂದೆ ನೂರ ನಲವತ್ತು. 2024ರ ಲೆಕ್ಕದಲ್ಲಿ ಒಬ್ಬ ಜಪಾನಿಗೆ ವರ್ಷಕ್ಕೆ ಹೆಚ್ಚುಕಮ್ಮಿ 33 ಸಾವಿರ ಡಾಲರ್ ಆದರೆ ನಮ್ಮಲ್ಲಿ ಒಬ್ಬರಿಗೆ 2,700ರ ಆಸುಪಾಸು. ಹಾಗಂತ ಒಟ್ಟು ಲೆಕ್ಕ ದಂಡ ಅಂತ ಅಲ್ಲ. ಸೈನ್ಯ ಸಾಕೋದಕ್ಕೆ, ವ್ಯಾಪಾರದ ಮಾತುಕತೆಯಲ್ಲಿ ಮೇಜು ಕುಟ್ಟೋದಕ್ಕೆ ಹಂಡೆ ದೊಡ್ಡದಿರಬೇಕು. ಊಟ ಹೇಗಿತ್ತು ಅಂತ ಮಾತ್ರ ಅದು ಹೇಳಲ್ಲ.

ಇನ್ನು ಡಾಲರ್ ಸಮಾಚಾರ. ನನ್ನ ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ಸಲ ಊರಿಗೆ ಬಂದಾಗ ನನ್ನ ಜೊತೆ ಸಲೂನಿಗೆ ಬಂದ. ಕಟಿಂಗು, ಶೇವಿಂಗು, ಕೊನೆಗೆ ತಲೆಗೆ ಪಟಪಟ ಮಾಲೀಶು, ಎಲ್ಲಾ ಸೇರಿ 150 ರೂಪಾಯಿ. ‘ಚಿಕ್ಕಪ್ಪ, ಅಲ್ಲಿ ಬರೀ ಕಟಿಂಗಿಗೆ ಟಿಪ್ಸ್ ಸೇರಿ 35 ಡಾಲರ್ ಕಿತ್ಕೊಳ್ತಾರೆ’ ಅಂದ. ಕತ್ತರಿ ಅದೇ, ಕೂದಲು ಅದೇ (ನನ್ನದು ಕಡಿಮೆ). ಇಂಥ ವ್ಯತ್ಯಾಸ ಸರಿ ಮಾಡೋದಕ್ಕೇ ಪಿಪಿಪಿ ಅಂತ ಒಂದು ಲೆಕ್ಕ ಇದೆ, ಕೊಳ್ಳುವ ಶಕ್ತಿಯ ಲೆಕ್ಕ. ಪೇಟೆಯಲ್ಲಿ ಡಾಲರಿಗೆ 80 ರೂಪಾಯಿಗಿಂತ ಜಾಸ್ತಿ ಕೊಡಬೇಕು. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು, ಸೇವೆ ಇಲ್ಲಿ ಸರಾಸರಿ ಸುಮಾರು 20 ರೂಪಾಯಿಗೆ ಸಿಗುತ್ತೆ ಅನ್ನುತ್ತದೆ ವಿಶ್ವಬ್ಯಾಂಕಿನ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ತಲಾ ಆದಾಯ 2,700ರಿಂದ ಹಾರಿ 10,000 ದಾಟುತ್ತದೆ, ಒಟ್ಟು ಜಿಡಿಪಿಯಲ್ಲಿ ನಾವು ಮೂರನೆಯವರಾಗುತ್ತೇವೆ. ಅದೂ ಸರಿಯಾದ ಲೆಕ್ಕವೇ, ಆದರೆ ಸೌದಿಯವರ ಹತ್ತಿರ ಕಚ್ಚಾ ಎಣ್ಣೆ ಕೊಳ್ಳೋದಕ್ಕೆ ಹೋಗಿ ‘ನಮ್ಮೂರಲ್ಲಿ ಕಟಿಂಗ್ ಅಗ್ಗ’ ಅಂದರೆ ನಡೆಯಲ್ಲ.

ಅಂದರೆ ಒಂದೇ ದೇಶ, ಒಂದೇ ವರ್ಷ, ಯಾವ ಪ್ರಶ್ನೆ ಕೇಳುತ್ತೀರಿ ಅನ್ನೋದರ ಮೇಲೆ ಉತ್ತರ ಬೇರೆ.

ನನಗೆ ಇದೆಲ್ಲ ಮೊದಲು ತಲೆಗೆ ಹೊಕ್ಕಿದ್ದು ಪುಸ್ತಕದಿಂದಲ್ಲ, ಜನಗಣತಿ ಡ್ಯೂಟಿಯಿಂದ. 2011ರ ಫೆಬ್ರವರಿ, ತುಮಕೂರು ಜಿಲ್ಲೆಯ ಒಂದು ಹಳ್ಳಿ. ಜಗಲಿ ಮೇಲೆ ಮನೆ ಯಜಮಾನರು, ಅವರ ಪಕ್ಕದಲ್ಲಿ ಫಾರಂ ಹರಡಿಕೊಂಡು ನಾನು. ‘ಸೊಸೆ ಏನು ಕೆಲಸ ಮಾಡ್ತಾರೆ?’ ಅಂದೆ. ‘ಅವಳೇನು ಮಾಡ್ತಾಳೆ ಸಾ, ಮನೇಲೇ ಇರ್ತಾಳೆ’ ಅಂದರು. ನಾನು ಇನ್ನೇನು ಹಾಗೇ ಬರೆಯಬೇಕು, ಅಷ್ಟರಲ್ಲಿ ಆ ಸೊಸೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಬಂದರು. ಕೊಟ್ಟಿಗೆಯಲ್ಲಿ ದೊಪ್ಪಂತ ಹಾಕಿ, ಕೈಕಾಲು ತೊಳೆದು, ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಎರಡು ಹಸು, ಬೆಳಿಗ್ಗೆ ಸಂಜೆ ಕರೆದು ಡೈರಿಗೆ ಹಾಕುವವರು ಅವರೇ. ಡೈರಿ ಪಾಸ್‌ಬುಕ್ಕೂ ಅವರ ಹೆಸರಲ್ಲೇ ಇದೆಯಂತೆ. ಯಜಮಾನರು ಸುಳ್ಳು ಹೇಳಿರಲಿಲ್ಲ, ಅವರಿಗೆ ಅದು ಕೆಲಸ ಅಂತ ಅನ್ನಿಸಿಯೇ ಇರಲಿಲ್ಲ. ನಮಗೆ ಟ್ರೈನಿಂಗಿನಲ್ಲಿ ಹೈನುಗಾರಿಕೆಯನ್ನು ಕೆಲಸ ಅಂತಲೇ ಬರೆಯಿರಿ ಎಂದು ಹೇಳಿದ್ದರಿಂದ ಸರಿಯಾಗಿ ಬರೆದೆ. ಆ ಸೊಸೆ ಐದು ನಿಮಿಷ ತಡವಾಗಿ ಬಂದಿದ್ದರೆ?

ದೇಶಗಳ ಲೆಕ್ಕ ಬರೆಯುವುದಕ್ಕೆ ವಿಶ್ವಸಂಸ್ಥೆಯ ಒಂದು ನಿಯಮಾವಳಿ ಇದೆ, ಎಲ್ಲಾ ದೇಶಗಳೂ ಹೆಚ್ಚುಕಮ್ಮಿ ಅದನ್ನೇ ಅನುಸರಿಸುತ್ತವೆ. ಮನೆಯಲ್ಲಿ ವಸ್ತು ತಯಾರಿಸಿದರೆ, ಅದನ್ನು ಮಾರದೆ ನಾವೇ ಬಳಸಿದರೂ, ಜಿಡಿಪಿಗೆ ಬರಬೇಕು. ನಾವೇ ಬೆಳೆದು ನಾವೇ ತಿನ್ನುವ ರಾಗಿ ಬರುತ್ತೆ. ಕರೆದ ಹಾಲು ಬರುತ್ತೆ. ಆದರೆ ಸಂಬಳವಿಲ್ಲದೆ ಮನೆಯವರಿಗೇ ಮಾಡುವ ಸೇವೆ ಬರಲ್ಲ. ಅಂದರೆ ಆ ಹಾಲನ್ನು ಕಾಯಿಸಿ, ಆರಿಸಿ, ಮಗುವಿಗೆ ಕುಡಿಸಿ, ಲೋಟ ತೊಳೆದಿಟ್ಟರೆ ಸೊನ್ನೆ. ಅಡುಗೆಗೆ ಜನ ಇಟ್ಟುಕೊಂಡರೆ ಅವರ ಸಂಬಳ ಮತ್ತೆ ಜಿಡಿಪಿ. ನಮ್ಮ ದೇಶದ್ದೇ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ‘ಮಾಡುವ’ ಅನ್ನೋ ಪದ ಗಮನಿಸಿ. ಕೈಯೇ ಹಾಕದ ಗಂಡಸರು ಈ ಸರಾಸರಿಯ ಒಳಗೇ ಇಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ ಅಂತ ಅಲ್ಲ. 1934ರಲ್ಲಿ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಮೊದಲ ದೊಡ್ಡ ಲೆಕ್ಕ ಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್, ಗೃಹಿಣಿಯರ ಕೆಲಸ ಬಿಟ್ಟಿದ್ದೇವೆ ಅಂತಲೂ, ಈ ಅಂಕಿ ನೋಡಿ ಜನ ಚೆನ್ನಾಗಿದ್ದಾರೋ ಇಲ್ಲವೋ ಅಂತ ತೀರ್ಮಾನ ಮಾಡೋದು ಕಷ್ಟ ಅಂತಲೂ ಅದೇ ವರದಿಯಲ್ಲಿ ಬರೆದಿದ್ದರು. ಔಷಧಿ ಡಬ್ಬಿಯೊಳಗಿನ ಚೀಟಿ ಯಾರು ಓದುತ್ತಾರೆ ಹೇಳಿ.

ಇನ್ನು ಮಾನವ ಅಭಿವೃದ್ಧಿಯ ಆ ಎರಡನೇ ಪೋಸ್ಟರ್. ಅದರ ಮೂಲ ಪುರುಷ ಒಬ್ಬ ಪಾಕಿಸ್ತಾನಿ ಅಂದರೆ ನಮ್ಮ ಗ್ರೂಪಿನಲ್ಲಿ ಇನ್ನೊಂದು ಯುದ್ಧ ಆಗುತ್ತೆ. ಮಹಬೂಬ್ ಉಲ್ ಹಕ್, ಪಾಕಿಸ್ತಾನದ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ. ಅಧ್ಯಕ್ಷ ಅಯೂಬ್ ಖಾನ್ ಕಾಲದಲ್ಲಿ ಆ ದೇಶದ ಬೆಳವಣಿಗೆಯನ್ನು ಎಲ್ಲರೂ ಹೊಗಳುತ್ತಿದ್ದಾಗ, ಉದ್ಯಮದ ಮೂರನೇ ಎರಡು ಭಾಗ 22 ಕುಟುಂಬಗಳ ಕೈಯಲ್ಲಿದೆ ಅಂತ 1968ರಲ್ಲಿ ಎದ್ದುನಿಂತು ಹೇಳಿದ ಮನುಷ್ಯ. ಕೇಂಬ್ರಿಜ್‌ನಲ್ಲಿ ಅಮರ್ತ್ಯ ಸೇನ್ ಜೊತೆ ಓದಿದವರು. 1990ರಲ್ಲಿ ಇವರ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಇಷ್ಟೆಲ್ಲ ಸಂಗತಿಗಳನ್ನು ಒಂದೇ ಅಂಕಿಗೆ ಇಳಿಸೋದು ಒರಟು ಕೆಲಸ ಅಂತ ಸೇನ್ ಮೊದಲು ಒಪ್ಪಲಿಲ್ಲವಂತೆ. ಹಕ್ ಅವರ ಉತ್ತರದ ಸಾರಾಂಶ ಇಷ್ಟು: ನಮಗೆ ಬೇಕಾಗಿರೋದೂ ಜಿಡಿಪಿಯಷ್ಟೇ ಒರಟಾದ ಒಂದು ಅಂಕಿ, ಆದರೆ ಅದರಷ್ಟು ಕುರುಡಾಗಿರಬಾರದು. ನನಗೆ ಈ ಜಗಳ ತುಂಬಾ ಇಷ್ಟ. ಪೋಸ್ಟರಿಗೆ ಪೋಸ್ಟರೇ ಮದ್ದು ಅಂತ ಆಗಲೇ ಗೊತ್ತಿತ್ತು ಅವರಿಗೆ.

ಒಳಗಿರೋದು ಮೂರೇ. ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದುತ್ತಾರೆ, ಎಷ್ಟು ಆದಾಯ. ಆದಾಯಕ್ಕೆ ಲಾಗರಿದಮ್ ಹಾಕುತ್ತಾರೆ, ಅಂದರೆ ಎಷ್ಟು ರೂಪಾಯಿ ಹೆಚ್ಚಿತು ಅಂತಲ್ಲ, ಎಷ್ಟು ಪಟ್ಟು ಹೆಚ್ಚಿತು ಅಂತ ನೋಡುತ್ತಾರೆ. ತಿಂಗಳಿಗೆ ಹತ್ತು ಸಾವಿರದಲ್ಲಿ ಸಂಸಾರ ತೂಗಿಸುವ ಮನೆಗೆ ಇನ್ನೂ ಹತ್ತು ಸಾವಿರ ಬಂದರೆ ಬದುಕೇ ಬದಲಾಗುತ್ತೆ, ಹತ್ತು ಲಕ್ಷದ ಮನೆಗೆ ಅದು ಬಂದದ್ದೂ ಗೊತ್ತಾಗಲ್ಲ, ಅದಕ್ಕೆ. 2010ರವರೆಗೆ ಮೂರನ್ನೂ ಕೂಡಿ ಭಾಗಿಸುತ್ತಿದ್ದರು. ಆಮೇಲೆ ಗುಣಿಸಿ ಘನಮೂಲ ತೆಗೆಯಲು ಶುರು ಮಾಡಿದರು. ಸಾರಿಗೆ ಉಪ್ಪು ಕಮ್ಮಿಯಾದರೆ ಹುಳಿ ಜಾಸ್ತಿ ಹಿಂಡಿ ಸರಿ ಮಾಡಕ್ಕಾಗಲ್ಲ ಅಲ್ವಾ, ಹಾಗೆ.

ಈ ಸೂಚ್ಯಂಕದ 2025ರ ವರದಿಯಲ್ಲಿ ನಮ್ಮ ಅಂಕ ಒಂದಕ್ಕೆ 0.685. ಆಯಸ್ಸು 72 ವರ್ಷ. 25 ದಾಟಿದವರು ಸರಾಸರಿ ಓದಿರೋದು 6.9 ವರ್ಷ, ಈಗ ಶಾಲೆಗೆ ಸೇರುವ ಮಗು ಓದಬಹುದಾದದ್ದು 13 ವರ್ಷ. ಈ 6.9 ಮತ್ತು 13ರ ನಡುವಿನ ದೂರ ಇದೆಯಲ್ಲ, ಅದು ನಮ್ಮ ಶಾಲೆಗಳು ಮಾಡಿದ ಕೆಲಸ, ಅದನ್ನು ನೋಡಿದರೆ ಮೇಷ್ಟ್ರಿಗೆ ಹೊಟ್ಟೆ ತಣ್ಣಗಾಗುತ್ತೆ. ಆದರೆ ಹಾಜರಿ ಪುಸ್ತಕ ಬರೆಯುವವನೂ ನಾನೇ. ಒಂಬತ್ತನೇ ಕ್ಲಾಸಿನಲ್ಲಿ ಕೂತು 84ನ್ನು 7ರಿಂದ ಭಾಗಿಸಲು ಬಾರದ ಹುಡುಗನೂ ಆ 13 ವರ್ಷಕ್ಕೆ ಸೇರಿದ್ದಾನೆ. ಸೂಚ್ಯಂಕ ಬೆಂಚು ಎಣಿಸುತ್ತೆ, ಕಲಿತದ್ದನ್ನಲ್ಲ.

ಅದೇ 0.685 ಬಾಂಗ್ಲಾದೇಶಕ್ಕೂ ಸಿಕ್ಕಿದೆ, ಅದೇ 130ನೇ ಸ್ಥಾನ. ಅವರ ಆದಾಯ ನಮಗಿಂತ ಕೊಂಚ ಕಮ್ಮಿ, ಓದೂ ಕೊಂಚ ಕಮ್ಮಿ, ಆದರೆ ಬದುಕೋದು ನಮಗಿಂತ ಎರಡು ವರ್ಷಕ್ಕೂ ಜಾಸ್ತಿ. ಕಾರಣ ಹಲವು. ನನಗೆ ಗೊತ್ತಿರುವ ಒಂದನ್ನು ಹೇಳುತ್ತೇನೆ. 1980ರ ದಶಕದಲ್ಲಿ ಅಲ್ಲಿನ ಬ್ರ್ಯಾಕ್ ಅನ್ನೋ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು ಅಂತ ತಾಯಂದಿರಿಗೆ ಕಲಿಸಿದರು. ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹತ್ತು ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಮನೆ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದಿರಿ ಅಂತ ನೋಡಿ ದುಡ್ಡು ಕೊಡುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ ಆ ತಾಯಂದಿರಲ್ಲಿ ಕೆಲವರನ್ನು ಮಾತಾಡಿಸುತ್ತಿದ್ದರು, ಅವರಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ ಸಂಬಳ! ನಮ್ಮ ಇಲಾಖೆಗಳ ಪ್ರಗತಿ ವರದಿಗಳನ್ನು ತುಂಬಿ ತುಂಬಿ ಸಾಕಾದವನಿಗೆ ಇದು ಪವಾಡದ ಥರ ಕಾಣುತ್ತೆ. ‘ತರಬೇತಿ ಪಡೆದವರ ಸಂಖ್ಯೆ’ ಅನ್ನೋ ಕಾಲಂ ಇರುತ್ತೆ. ‘ನೆನಪಿಟ್ಟುಕೊಂಡವರ ಸಂಖ್ಯೆ’ ಅನ್ನೋ ಕಾಲಂ ನಾನು ಇವತ್ತಿನವರೆಗೆ ಕಂಡಿಲ್ಲ.

ಸರಾಸರಿಯ ಮೋಸ ಇನ್ನೊಂದಿದೆ. ಅಸಮಾನತೆಯನ್ನು ಸೇರಿಸಿ ಲೆಕ್ಕ ಹಾಕಿದರೆ ನಮ್ಮ ಆ 0.685ರಲ್ಲಿ ಶೇ. 30.7ರಷ್ಟು ಕರಗಿಹೋಗುತ್ತದೆ ಅಂತ ಅದೇ ವರದಿ ಹೇಳುತ್ತದೆ. ಕರ್ನಾಟಕದವರಿಗೆ ಇದು ಹೊಸದಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕ ಇಟ್ಟುಕೊಂಡು 175 ತಾಲ್ಲೂಕು ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವರ್ಷ ಅದರಲ್ಲೊಂದು ತಾಲ್ಲೂಕಿನಲ್ಲಿದ್ದೆ, ರಾಯಚೂರು ಜಿಲ್ಲೆಯ ದೇವದುರ್ಗ. ಅಲ್ಲಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದಾಗಲೆಲ್ಲ ರಾಜ್ಯದ ಸರಾಸರಿ ಅನ್ನೋದು ದಾರಿಯಲ್ಲಿ ಎಲ್ಲೋ, ನಾನು ನಿದ್ದೆಯಲ್ಲಿದ್ದಾಗ ದಾಟಿಹೋಯಿತು ಅನ್ನಿಸುತ್ತಿತ್ತು.

ಅಂಕಿಗಳ ಚೇಷ್ಟೆ ಬೇರೆ ಕಡೆಯೂ ಇದೆ. ಐರ್ಲೆಂಡಿನ ಜಿಡಿಪಿ 2015ರಲ್ಲಿ ಒಂದೇ ವರ್ಷಕ್ಕೆ ಶೇ. 26 ಬೆಳೆಯಿತು ಅಂತ ಲೆಕ್ಕ ಬಂತು. ಜನ ನಕ್ಕರು. ದೊಡ್ಡ ಕಂಪನಿಗಳು ತೆರಿಗೆ ಉಳಿಸಲು ತಮ್ಮ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದವು, ಅಷ್ಟೇ. ಆಮೇಲೆ ಆ ದೇಶ ತನಗೆ ಅಂತಲೇ ಬೇರೆ ಅಳತೆ ಮಾಡಿಕೊಳ್ಳಬೇಕಾಯಿತು. ನೈಜೀರಿಯಾದ್ದು ಉಲ್ಟಾ. 1990ರ ಹಳೇ ಬೆಲೆ, ಹಳೇ ಪಟ್ಟಿ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು, ಅದರಲ್ಲಿ ಮೊಬೈಲೂ ಇಲ್ಲ, ಅವರ ದೊಡ್ಡ ಸಿನಿಮಾ ಉದ್ಯಮವೂ ಸರಿಯಾಗಿ ಇಲ್ಲ. 2014ರಲ್ಲಿ ಪಟ್ಟಿ ಬದಲಿಸಿದ ದಿನ ಜಿಡಿಪಿ ಶೇ. 89 ಜಾಸ್ತಿಯಾಗಿ ದಕ್ಷಿಣ ಆಫ್ರಿಕಾವನ್ನೂ ದಾಟಿತು. ಅವತ್ತು ಬೆಳಿಗ್ಗೆ ಲಾಗೋಸ್‌ನಲ್ಲಿ ಯಾರ ಜೇಬಿಗೂ ಒಂದು ಕಾಸು ಹೆಚ್ಚಿಗೆ ಬಿದ್ದಿರಲಿಲ್ಲ.

ನಾವು ನಗುವ ಮೊದಲು ನಮ್ಮ ಭಾಗಾಕಾರ ನೋಡಿಕೊಳ್ಳೋಣ. ‘ತಲಾ’ ಅನ್ನಬೇಕಾದರೆ ತಲೆ ಎಣಿಸಬೇಕು. ನಾವು ಕೊನೆಯ ಸಲ ಪೂರ್ತಿ ತಲೆ ಎಣಿಸಿದ್ದು 2011ರಲ್ಲಿ, ನಾನು ಆ ಜಗಲಿಯಲ್ಲಿ ಕೂತಿದ್ದಾಗ. 2021ರದ್ದು ಆಗಲೇ ಇಲ್ಲ. ಅಲ್ಲಿಂದೀಚೆಗೆ ಯಾರೇ ಬಳಸುವ ತಲಾ ಲೆಕ್ಕದ ಕೆಳಗಿರೋದು ಅಂದಾಜು. ಅಂದಾಜು ಅಂದರೆ ಸುಳ್ಳಲ್ಲ, ಹಳೇ ಗಣತಿ, ಸಮೀಕ್ಷೆಗಳನ್ನು ಇಟ್ಟುಕೊಂಡು ತಿಳಿದವರೇ ಹಾಕಿದ ಅಂದಾಜು. ಆದರೂ ಛೇದವೇ ಅಂದಾಜಾಗಿರುವಾಗ ದಶಾಂಶದ ಮೂರನೇ ಸ್ಥಾನಕ್ಕೆ ಹೊಡೆದಾಡುವ ಮಕ್ಕಳಿಗೆ ನಾನಂತೂ ಪೂರ್ತಿ ಅಂಕ ಕೊಡಲ್ಲ.

ಹೊಸ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಈ ಸಲ ಕಾಗದ ಇಲ್ಲ, ಮೊಬೈಲ್ ಆ್ಯಪ್‌ನಲ್ಲೇ ತುಂಬಬೇಕು. ಡ್ಯೂಟಿ ನನಗೂ ಬೀಳಬಹುದು. ಅದೇ ಹಳ್ಳಿ ಸಿಕ್ಕರೆ ಮತ್ತೆ ಆ ಮನೆಗೆ ಹೋಗುತ್ತೇನೆ. ಜಗಲಿ ಮೇಲೆ ಯಾರು ಕೂತಿದ್ದರೂ ನಮಸ್ಕಾರ ಹೇಳಿ, ಸೊಸೆ ಹುಲ್ಲು ತಂದು ಹಾಕುವವರೆಗೆ ಕಾದು, ಏನು ಕೆಲಸ ಮಾಡ್ತೀರಮ್ಮ ಅಂತ ಅವರನ್ನೇ ಕೇಳುತ್ತೇನೆ.