ಶಾಲೆಗೆ ಈ ತೆರಿಗೆ ಬೇಡ ಅನ್ನುವವರಿಗೆ ನನ್ನದೊಂದು ಪ್ರಶ್ನೆ

ಕಳೆದ ವಾರ ಬೆಳಗ್ಗೆ ಏಳು ಗಂಟೆಗೆ ನಮ್ಮೂರಿನ ವ್ಯಾಪಾರಿಗಳ ಸಭೆ ಇತ್ತು. ಸಿಯಾಟಲ್‌ನಿಂದ ಸ್ವಲ್ಪ ದೂರದ ಸಣ್ಣ ಊರು ನಮ್ಮದು. ಶಾಲಾ ಮಂಡಳಿಯವರು ಬಂದಿದ್ದರು. ಫೆಬ್ರವರಿಯಲ್ಲಿ ಲೆವಿ ಮತದಾನ ಇದೆ, ಈ ಸಲ ಮೊತ್ತ ಹೆಚ್ಚಿದೆ, ನಿಮ್ಮ ಬೆಂಬಲ ಬೇಕು ಅಂತ ಕೇಳಿದರು. ಆಮೇಲೆ ಎದ್ದು ಮಾತಾಡಿದವರು ಊರಲ್ಲೇ ದೊಡ್ಡ ವರ್ಕ್‌ಶಾಪ್ ಇಟ್ಟಿರುವ ಹಿರಿಯರು. "ನಾವು ಶಾಲೆಗೆ ವಿರೋಧ ಅಲ್ಲ. ಆದರೆ ಈ ತೆರಿಗೆ ಬೇಡ" ಅಂದರು. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ.

ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿರುವ ಗೆಳೆಯರಿಗೆ ಮೊದಲು ಸ್ವಲ್ಪ ಹಿನ್ನೆಲೆ ಹೇಳಬೇಕು. ಇಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ, ಶಾಲೆಯ ಮೂಲ ಖರ್ಚನ್ನು ರಾಜ್ಯ ಸರ್ಕಾರ ಕೊಡಬೇಕು. ಅದರಾಚೆ ಬೇಕಾಗುವ ದುಡ್ಡಿಗೆ ಪ್ರತಿ ಶಾಲಾ ಜಿಲ್ಲೆಯೂ ತನ್ನ ಊರಿನ ಜನರ ಮುಂದೆ ಹೋಗುತ್ತದೆ. ಸಂಗೀತ, ಆಟ, ಇನ್ನೊಬ್ಬ ನರ್ಸ್, ವಿಶೇಷ ಮಕ್ಕಳಿಗೆ ಹೆಚ್ಚುವರಿ ಶಿಕ್ಷಕರು, ಹೀಗೆ. ಮನೆ ಮತ್ತು ಅಂಗಡಿ ಕಟ್ಟಡಗಳ ಮೇಲಿನ ಆಸ್ತಿ ತೆರಿಗೆಯಾಗಿ ಆ ದುಡ್ಡು ಬರುತ್ತದೆ. ಅದಕ್ಕೇ ಲೆವಿ ಅನ್ನುತ್ತಾರೆ. ಕೆಲವೇ ವರ್ಷಕ್ಕೊಮ್ಮೆ ಮತ್ತೆ ಮತ ಕೇಳಬೇಕು. 2007ರವರೆಗೆ ಲೆವಿ ಗೆಲ್ಲಲು 60 ಪರ್ಸೆಂಟ್ ಮತ ಬೇಕಿತ್ತು. ಆ ವರ್ಷ ರಾಜ್ಯದ ಸಂವಿಧಾನ ತಿದ್ದಿ ಅರ್ಧಕ್ಕಿಂತ ಹೆಚ್ಚು ಬಂದರೆ ಸಾಕು ಅಂತ ಮಾಡಿದರು. ಹೊಸ ಕಟ್ಟಡಕ್ಕೆ ಬಾಂಡ್, ಅಂದರೆ ಸಾಲ, ಎತ್ತಲು ಇವತ್ತಿಗೂ 60 ಪರ್ಸೆಂಟ್ ಬೇಕು.

ಈಗ ನನ್ನ ಅಂಗಡಿಯ ಕಡೆಯಿಂದ ನೋಡಿ. ನನ್ನದು ಪ್ರಿಂಟಿಂಗ್ ಮತ್ತು ಬೋರ್ಡ್ ಮಾಡುವ ಸಣ್ಣ ವ್ಯಾಪಾರ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಕಟ್ಟಡ ನನ್ನದಲ್ಲ, ಬಾಡಿಗೆ. ಆದರೆ ಇಲ್ಲಿನ ಅಂಗಡಿ ಬಾಡಿಗೆ ಕರಾರುಗಳಲ್ಲಿ ಕಟ್ಟಡದ ತೆರಿಗೆ, ವಿಮೆ, ದುರಸ್ತಿ ಎಲ್ಲವನ್ನೂ ಬಾಡಿಗೆದಾರನ ಮೇಲೇ ಹಾಕುವುದು ಮಾಮೂಲು. ಹಾಗಾಗಿ ಲೆವಿ ಏರಿದರೆ ಮಾಲೀಕರು ಅದನ್ನು ಲೆಕ್ಕ ಹಾಕಿ ನನಗೆ ಕಳಿಸುತ್ತಾರೆ. ಇದರ ಜೊತೆಗೆ ರಾಜ್ಯದ ಬಿ ಅಂಡ್ ಓ (ಬಿಸಿನೆಸ್ ಅಂಡ್ ಆಕ್ಯುಪೇಶನ್) ತೆರಿಗೆ ಬೇರೆ. ಅದು ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. ನಷ್ಟವಾದ ವರ್ಷವೂ ಕಟ್ಟಬೇಕು. ಒಂದು ವರ್ಷ ಹಾಗೆ ಕಟ್ಟಿದ್ದೇನೆ. ಆ ಚೆಕ್ ಬರೆಯುವಾಗ ಹೊಟ್ಟೆ ಉರಿದದ್ದು ನಿಜ. ಆದ್ದರಿಂದ ತಲೆಯಾಡಿಸಿದವರನ್ನು ದುರಾಸೆಯವರು ಅಂತ ನಾನು ಕರೆಯಲಾರೆ. ಅವರ ಕಷ್ಟ ನನಗೆ ಗೊತ್ತು.

ಆದರೂ "ಈ ತೆರಿಗೆ ಬೇಡ" ಅನ್ನುವ ಮಾತಿಗೆ ಇಲ್ಲಿ ಒಂದು ಚರಿತ್ರೆ ಇದೆ. ಅದನ್ನು ನೋಡಿದ ಮೇಲೆ ಸುಮ್ನೆ ತಲೆಯಾಡಿಸುವುದು ಕಷ್ಟ.

2010ರಲ್ಲಿ ಈ ರಾಜ್ಯದ ಜನರ ಮುಂದೆ ಇನಿಶಿಯೇಟಿವ್ 1098 ಅನ್ನುವ, ಜನರೇ ಮತ ಹಾಕಿ ತೀರ್ಮಾನಿಸುವ ಕಾನೂನಿನ ಪ್ರಸ್ತಾವ ಬಂತು. ಆಗ ಇಲ್ಲಿ ರಾಜ್ಯದ ಆದಾಯ ತೆರಿಗೆ ಇರಲಿಲ್ಲ. ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಹೆಚ್ಚು ಸಂಪಾದಿಸುವವರಿಗೆ, ದಂಪತಿಗಳಾದರೆ 4 ಲಕ್ಷಕ್ಕಿಂತ ಹೆಚ್ಚಿದ್ದರೆ, ಮೇಲಿನ ಭಾಗಕ್ಕೆ ಮಾತ್ರ ತೆರಿಗೆ ಹಾಕಿ ಶಿಕ್ಷಣ ಮತ್ತು ಆರೋಗ್ಯಕ್ಕೆ ಕೊಡೋಣ ಅನ್ನುವುದು ಅದರ ಸಾರ. ಅದರ ಪರ ಊರೂರು ತಿರುಗಿದವರು ಬಿಲ್ ಗೇಟ್ಸ್ ಅವರ ತಂದೆ. ಎದುರು ನಿಂತವರಲ್ಲಿ ಮೈಕ್ರೋಸಾಫ್ಟ್ ನಡೆಸುತ್ತಿದ್ದ ಸ್ಟೀವ್ ಬಾಲ್ಮರ್, ಅಮೆಜಾನ್‌ನ ಜೆಫ್ ಬೆಜೋಸ್ ಇದ್ದರು. ಬೆಜೋಸ್ ಅದನ್ನು ಸೋಲಿಸಲು 1 ಲಕ್ಷ ಡಾಲರ್ ಕೊಟ್ಟರು. ಆ ಪ್ರಸ್ತಾವ ಸೋತಿತು. ಸುಮಾರು 64 ಪರ್ಸೆಂಟ್ ಜನ ಬೇಡ ಅಂದರು.

ನನ್ನನ್ನು ಕಾಡುವುದು ಅದರ ಒಳಗಿದ್ದ ಇನ್ನೊಂದು ಭಾಗ. ಅದು ಗೆದ್ದಿದ್ದರೆ ರಾಜ್ಯದ ಆಸ್ತಿ ತೆರಿಗೆ ಐದರಲ್ಲಿ ಒಂದು ಭಾಗ ಕಡಿಮೆಯಾಗುತ್ತಿತ್ತು. ಸಣ್ಣ ವ್ಯಾಪಾರಿಗಳಿಗೆ ಬಿ ಅಂಡ್ ಓ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಸಿಗುತ್ತಿತ್ತು. ಅಂದರೆ ನನ್ನಂಥವರಿಗೆ ಲಾಭವೇ. ಆದರೂ ಸಣ್ಣ ಅಂಗಡಿಯವರು ಬಹಳ ಜನ ವಿರೋಧಿಸಿದರು. "ಇವತ್ತು ಶ್ರೀಮಂತರಿಗೆ ಹಾಕುತ್ತಾರೆ, ಎರಡು ವರ್ಷ ಕಳೆದ ಮೇಲೆ ಶಾಸಕರು ಎಲ್ಲರಿಗೂ ಹಾಕುತ್ತಾರೆ" ಅನ್ನುವ ಭಯ. ಕಾನೂನಿನಲ್ಲಿ ಅದಕ್ಕೆ ದಾರಿ ಇತ್ತು, ಹಾಗಾಗಿ ಭಯ ಪೂರ್ತಿ ಸುಳ್ಳಲ್ಲ. ಆದರೆ ಆ ಭಯದಿಂದ ಉಳಿದದ್ದು ಯಾವುದು? ಅದೇ ಆಸ್ತಿ ತೆರಿಗೆ, ಅದೇ ಬಿ ಅಂಡ್ ಓ. ನಾವು ಇವತ್ತು ಬೈಯುತ್ತಿರುವುದು ಅವನ್ನೇ.

ದುಡ್ಡಿನ ಅಗತ್ಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎಲ್ಲ ಮಕ್ಕಳ ಶಿಕ್ಷಣಕ್ಕೆ ಸಾಕಷ್ಟು ಒದಗಿಸುವುದು ರಾಜ್ಯದ ಮೊಟ್ಟಮೊದಲ ಕರ್ತವ್ಯ ಅಂತ ಇಲ್ಲಿನ ಸಂವಿಧಾನದಲ್ಲೇ ಇದೆ. 2012ರ ಜನವರಿಯಲ್ಲಿ, ಮೆಕ್ಲೀರಿ ಪ್ರಕರಣದಲ್ಲಿ, ರಾಜ್ಯ ಆ ಕರ್ತವ್ಯ ಮಾಡುತ್ತಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಶಾಸಕರು ಎಳೆದಾಡಿದರು. 2015ರ ಆಗಸ್ಟ್‌ನಲ್ಲಿ ಕೋರ್ಟ್ ದಿನಕ್ಕೆ 1 ಲಕ್ಷ ಡಾಲರ್ ದಂಡ ಹಾಕಿತು. ಪ್ರಕರಣ ಮುಗಿದದ್ದು 2018ರಲ್ಲಿ. ಅಷ್ಟರಲ್ಲಿ ದುಡ್ಡು ಬಂದದ್ದು ಎಲ್ಲಿಂದ ಗೊತ್ತಾ? ದೊಡ್ಡ ಪಾಲು ರಾಜ್ಯದ ಆಸ್ತಿ ತೆರಿಗೆ ಏರಿಸಿ. ನಿವೃತ್ತರಾದ ಅಜ್ಜ ಅಜ್ಜಿಯರಿಗೂ ನನ್ನ ಅಂಗಡಿಗೂ ಅದೇ ಬಿತ್ತು. "ಈ ತೆರಿಗೆ ಬೇಡ" ಅಂದಾಗ ತೆರಿಗೆ ನಿಲ್ಲಲಿಲ್ಲ. ಮೇಲಿನವರ ಹೆಗಲಿನಿಂದ ಜಾರಿ ಕೆಳಗಿನವರ ಮೇಲೆ ಬಂತು, ಅಷ್ಟೆ.

ಇನ್ನೊಂದು ಥರದ ಉತ್ತರವನ್ನೂ ಇದೇ ರಾಜ್ಯದಲ್ಲಿ ನೋಡಿದ್ದೇನೆ. 2019ರಲ್ಲಿ ಮೈಕ್ರೋಸಾಫ್ಟ್‌ನ ಅಧ್ಯಕ್ಷ ಬ್ರ್ಯಾಡ್ ಸ್ಮಿತ್ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರ ಜೊತೆ ಸೇರಿ ಪತ್ರಿಕೆಯಲ್ಲಿ ಬರೆದರು. ಕಾಲೇಜು ಓದಿಗೆ ನೆರವು ಕೊಡಲು ನಮ್ಮಂಥ ಕಂಪನಿಗಳ ಮೇಲೆ ತೆರಿಗೆ ಹೆಚ್ಚಿಸಿ, ಅತಿ ದೊಡ್ಡ ಕಂಪನಿಗಳು ಅತಿ ಹೆಚ್ಚು ಕೊಡಲಿ ಅಂತ. ಅದೇ ವರ್ಷ ಕಾನೂನು ಬಂತು. ಅದು ಕಾಲೇಜಿಗೆ, ಶಾಲೆಗಲ್ಲ, ಒಪ್ಪುತ್ತೇನೆ. ನುರಿತ ಕೆಲಸಗಾರರು ಸಿಕ್ಕರೆ ಅವರ ಕಂಪನಿಗೂ ಲಾಭ, ಅದನ್ನೂ ಒಪ್ಪುತ್ತೇನೆ. ಆದರೆ ಅವರು ಯಾವ ತೆರಿಗೆ, ಯಾರು ಕಟ್ಟಬೇಕು, ದುಡ್ಡು ಎಲ್ಲಿಗೆ ಹೋಗಬೇಕು ಅಂತ ಬಾಯಿ ಬಿಟ್ಟು ಹೇಳಿದರು. ಕಟ್ಟುವವರ ಪಟ್ಟಿಯಲ್ಲಿ ಮೊದಲು ತಮ್ಮ ಹೆಸರನ್ನೇ ಬರೆದರು. ಉದ್ಯಮಿಗಳ ಮಾತಿಗೆ ತೂಕ ಬರುವುದು ಅಲ್ಲಿ.

ಇದು ಹೊಸ ವಿಚಾರವೂ ಅಲ್ಲ. 1840ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಸಾರ್ವಜನಿಕ ಶಾಲೆಗಳ ಹೊಣೆ ಹೊತ್ತಿದ್ದ ಹೊರೇಸ್ ಮ್ಯಾನ್ ಅವರು ಗಿರಣಿ ಮಾಲೀಕರಿಗೇ ಪತ್ರ ಬರೆದು, ಓದಿದ ಕೆಲಸಗಾರನಿಗೂ ಓದದವನಿಗೂ ಏನು ವ್ಯತ್ಯಾಸ ಅಂತ ಕೇಳಿದ್ದರು. ಓದಿದವರು ಹೆಚ್ಚು ಕೆಲಸ ಮಾಡುತ್ತಾರೆ, ಹೆಚ್ಚು ಗಳಿಸುತ್ತಾರೆ ಅನ್ನುವ ಉತ್ತರಗಳನ್ನು ಅವರು ತಮ್ಮ ವರದಿಯಲ್ಲಿ ಹಾಕಿದರು. ನನ್ನ ಹನ್ನೊಂದು ಜನರಲ್ಲಿ ಎಂಟು ಜನ ಇಲ್ಲಿನ ಪಬ್ಲಿಕ್ ಸ್ಕೂಲ್‌ಗಳಲ್ಲಿ ಓದಿದವರು. ಅಳತೆ ಹಾಕಲು, ಗ್ರಾಹಕರಿಗೆ ನೆಟ್ಟಗೆ ನಾಲ್ಕು ಸಾಲು ಬರೆಯಲು ಅವರಿಗೆ ನಾನು ಕಲಿಸಲಿಲ್ಲ.

2021ರಲ್ಲಿ ಶಾಸಕರು ಷೇರು, ಬಾಂಡ್ ಮಾರಿ ವರ್ಷಕ್ಕೆ 2.5 ಲಕ್ಷ ಡಾಲರ್‌ಗಿಂತ ಹೆಚ್ಚು ಲಾಭ ಮಾಡಿದವರ ಮೇಲೆ 7 ಪರ್ಸೆಂಟ್ ತೆರಿಗೆ ತಂದರು. ಮನೆ ಮಾರಿದರೆ ಇಲ್ಲ, ನಿವೃತ್ತಿ ಖಾತೆಗಿಲ್ಲ. ವರ್ಷಕ್ಕೆ ಬರುವ ಮೊದಲ 50 ಕೋಟಿ ಡಾಲರ್ ಶಿಕ್ಷಣಕ್ಕೆ, ಮಿಕ್ಕದ್ದು ಶಾಲಾ ಕಟ್ಟಡಗಳಿಗೆ. ಹಣ ಹೂಡುವವರು ಓಡಿಹೋಗುತ್ತಾರೆ ಅಂತ ಉದ್ಯಮಿಗಳು ಎಚ್ಚರಿಸಿದರು. 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೆರಿಗೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಕೊನೆಗೆ ಬೆಜೋಸ್ ಮಯಾಮಿಗೆ ಹೋಗುವುದಾಗಿ ಹೇಳಿದರು. ಅಪ್ಪ ಅಮ್ಮ ಅಲ್ಲಿದ್ದಾರೆ, ರಾಕೆಟ್ ಕಂಪನಿಯ ಕೆಲಸ ಆ ಕಡೆ ಜಾಸ್ತಿ ಆಗುತ್ತಿದೆ ಅನ್ನುವುದು ಅವರು ಕೊಟ್ಟ ಕಾರಣ. ತೆರಿಗೆಯಿಂದಲೇ ಹೋದರು ಅಂತ ನಾನು ಹೇಳುವುದಿಲ್ಲ. ಉದ್ಯಮಿಗಳ ಒಂದು ಎಚ್ಚರಿಕೆ ಮಾತ್ರ ಸರಿಯಾಗಿತ್ತು. ಷೇರು ಮಾರುಕಟ್ಟೆ ನಂಬಿದ ತೆರಿಗೆ ಒಂದು ವರ್ಷ ತುಂಬಿ ಹರಿಯುತ್ತದೆ, ಇನ್ನೊಂದು ವರ್ಷ ಸೊರಗುತ್ತದೆ. ಎರಡನೇ ವರ್ಷ ಹಾಗೇ ಆಯಿತು, ಬಹಳ ಇಳಿಯಿತು. ಶಿಕ್ಷಕರ ಸಂಬಳಕ್ಕೆ ಅಂಥ ದುಡ್ಡನ್ನು ನೆಚ್ಚಿಕೊಳ್ಳುವುದು ಕಷ್ಟವೇ. 2024ರ ನವೆಂಬರ್‌ನಲ್ಲಿ ಆ ತೆರಿಗೆ ರದ್ದು ಮಾಡಬೇಕಾ ಅಂತ ಜನರನ್ನೇ ಕೇಳಿದರು. ಸುಮಾರು 64 ಪರ್ಸೆಂಟ್ ಜನ ರದ್ದು ಬೇಡ ಅಂದರು. 2010ರಲ್ಲಿ ತೆರಿಗೆ ಬೇಡ ಅಂದವರೂ ಅಷ್ಟೇ ಪರ್ಸೆಂಟ್. ಹದಿನಾಲ್ಕು ವರ್ಷದಲ್ಲಿ ಜನ ಎಷ್ಟು ದೂರ ಬಂದಿದ್ದಾರೆ ಅಲ್ವಾ?

ಸಭೆಯಲ್ಲಿ ಎದ್ದ ಇನ್ನೊಂದು ಪ್ರಶ್ನೆ ನನಗೆ ಪೂರ್ತಿ ಒಪ್ಪಿಗೆ. ಕೋವಿಡ್ ಆದ ಮೇಲೆ ಮಕ್ಕಳ ಸಂಖ್ಯೆ ಇಳಿದಿದೆ, ಹಾಗಿದ್ದೂ ಖರ್ಚು ಯಾಕೆ ಏರುತ್ತಿದೆ? ಶಾಲಾ ಮಂಡಳಿಯವರು ಇದಕ್ಕೆ ಕೊಟ್ಟ ಉತ್ತರ ಬಹಳ ತೇಲಾಟದ್ದು. ಒಂದು ತರಗತಿಯಲ್ಲಿ ಇಬ್ಬರು ಮಕ್ಕಳು ಕಡಿಮೆಯಾದರೆ ಶಿಕ್ಷಕರ ಸಂಬಳ ಕಡಿಮೆಯಾಗುವುದಿಲ್ಲ, ಬಸ್ಸಿನ ಡೀಸೆಲ್ ಕಡಿಮೆಯಾಗುವುದಿಲ್ಲ ಅಂತ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಲೆಕ್ಕ ಕೇಳುವುದು ನಮ್ಮ ಹಕ್ಕು. ಆದರೆ ಲೆಕ್ಕ ಕೊಟ್ಟ ಮೇಲೂ ನಮ್ಮ ಉತ್ತರ ಬೇಡವೇ ಆಗಿದ್ದರೆ, ನಾವು ಆ ಪ್ರಶ್ನೆ ಕೇಳಿದ್ದು ಉತ್ತರಕ್ಕಾಗಿ ಅಲ್ಲ.

ಇಲ್ಲಿರುವ ಕನ್ನಡದವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಎಚ್-1ಬಿ, ಗ್ರೀನ್ ಕಾರ್ಡ್ ಮೇಲೆ ಇದ್ದಾರೆ. ಲೆವಿ ಕಟ್ಟುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಆದರೆ ಮತ ಇಲ್ಲ. ಸಿಟಿಜನ್ ಆದವರಿಗೆ ಬ್ಯಾಲೆಟ್ ಮನೆಗೇ ಬರುತ್ತದೆ, ಅಂಚೆ ಚೀಟಿ ಕೂಡ ಅಂಟಿಸಬೇಕಿಲ್ಲ. ಆದರೂ ಫೆಬ್ರವರಿಯ ಮತದಾನಕ್ಕೆ ಬ್ಯಾಲೆಟ್ ವಾಪಸ್ ಕಳಿಸುವವರು ಕಡಿಮೆ. ದಯವಿಟ್ಟು ಆ ಲಕೋಟೆಯನ್ನು ಹಳೆ ಬಿಲ್‌ಗಳ ಕೆಳಗೆ ಇಡಬೇಡಿ. ಬೇಡ ಅಂತ ಹಾಕಿದರೂ ಓದಿ ಹಾಕಿ.

ನಾನು ಲೆವಿಗೆ ಹೌದು ಅಂತ ಹಾಕುತ್ತೇನೆ. ಆಸ್ತಿ ತೆರಿಗೆ ಒಳ್ಳೆಯ ತೆರಿಗೆ ಅಂತ ಅಲ್ಲ. ಈಗ ಮೇಜಿನ ಮೇಲಿರುವುದು ಅದೊಂದೇ, ಮತ್ತು ಮೂರನೇ ಕ್ಲಾಸಿನ ಮಗು ಒಳ್ಳೆಯ ತೆರಿಗೆ ಬರುವವರೆಗೆ ಮೂರನೇ ಕ್ಲಾಸಿನಲ್ಲೇ ಕಾಯುವುದಿಲ್ಲ.

ನಿನ್ನೆ ಆ ವರ್ಕ್‌ಶಾಪ್‌ನ ಹಿರಿಯರಿಗೆ ಫೋನ್ ಮಾಡಿದೆ. "ನೀವು ಈ ತೆರಿಗೆ ಬೇಡ ಅಂದಿರಿ. ಹಾಗಾದರೆ ಯಾವುದು?" ಅಂತ ಕೇಳಿದೆ. ಮೊದಲು ಸೇಲ್ಸ್ ಟ್ಯಾಕ್ಸ್ ಅಂದರು. ಈಗಲೇ ಹತ್ತು ಪರ್ಸೆಂಟ್ ಮುಟ್ಟಿದೆ ಅಂತ ಅವರೇ ಹೇಳಿಕೊಂಡರು. ಆದಾಯ ತೆರಿಗೆ ಅಂತೂ ಬೇಡ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ, ಶಾಲಾ ಮಂಡಳಿಯ ಬಜೆಟ್ ಸಭೆ ಯಾವತ್ತು ಅಂತ ಕೇಳಿದರು. ಮಂಗಳವಾರ ಸಂಜೆ ಆರೂವರೆಗೆ. ಇಬ್ಬರೂ ಹೋಗುತ್ತಿದ್ದೇವೆ.